ಎರಡೂ ಕೋಡು ಹಿಡಿಯುವ ಕ್ಯಾಮೆರಾ

ಹೋದ ವರ್ಷ ಯುಗಾದಿಯ ಮಾರನೆಯ ಸಂಜೆ ಮಿರ್ಲೆಯ ನಡುಬೀದಿಯ ಜನರೆಲ್ಲ ಭಾಗ್ಯಮ್ಮನ ಮನೆಯ ಡಿಶ್ ಆಂಟೆನಾಕ್ಕೆ ಕೈ ಮುಗಿದರು. ಅದು ಡಿಶ್ ಎಂದು ಗೊತ್ತಿದ್ದೇ ಮುಗಿದರು.

ಹಬ್ಬದ ಮಾರನೆಯ ದಿನ ಬಿದಿಗೆಯ ಚಂದ್ರನನ್ನು ನೋಡಿ, ಅವನ ಎರಡು ಕೋಡಿನಲ್ಲಿ ಯಾವುದು ಎತ್ತರ ಎಂದು ಸಾರುವುದು ಆ ಬೀದಿಯಲ್ಲಿ ಪುಟ್ಟಮಲ್ಲಪ್ಪನವರ ಕೆಲಸ. ಅವರಿಗಿಂತ ಮುಂಚೆ ಅವರ ಅಪ್ಪ ಸಾರುತ್ತಿದ್ದರು. ತೆಂಕಲ ಕೋಡು ಎತ್ತರವಾದರೆ ಆ ವರ್ಷ ಭತ್ತ ಕೈ ಹಿಡಿಯುತ್ತದೆ, ಬಡಗಲ ಕೋಡು ಎತ್ತರವಾದರೆ ರಾಗಿ. ಇದನ್ನು ನಂಬಿ ಬಿತ್ತುವವರು ಈಗ ಯಾರೂ ಇಲ್ಲ. ಆದರೆ ಪುಟ್ಟಮಲ್ಲಪ್ಪನವರು ಸಾರುವ ತನಕ ಬೀದಿಯಲ್ಲಿ ಒಬ್ಬರಾದರೂ ಹಿರಿಯರ ಕಾಲಿಗೆ ಬೀಳುವುದಿಲ್ಲ, ಹೊಸ ವರ್ಷ ಬಂದಿತೆಂದು ಒಪ್ಪುವುದೂ ಇಲ್ಲ.

ಹೋದ ವರ್ಷ ಅವರು ಜಗಲಿಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಪಡುವಣ ದಿಕ್ಕನ್ನು ಬಹಳ ಹೊತ್ತು ನೋಡಿದರು. ಚಂದ್ರ ಮೋಡದ ಹಿಂದಿದ್ದ. ಭಾಗ್ಯಮ್ಮನ ಮಹಡಿಯ ಮೇಲೆ ಹೊಸದಾಗಿ ಕೂರಿಸಿದ್ದ ಡಿಶ್ಶಿನ ಅಂಚು ಮಾತ್ರ ಸಂಜೆ ಬೆಳಕಿಗೆ ಬಿಲ್ಲಿನಂತೆ ಹೊಳೆಯುತ್ತಿತ್ತು.

"ಕಂಡ ಕಣ್ರಲಾ! ಎರಡ್ ಕೋಡೂ ಸಮ! ಭತ್ತಾನೂ ಸೈ, ರಾಗೀನೂ ಸೈ!" ಎಂದು ಕೂಗಿದರು.

ಬೀದಿ ಉಸಿರು ಬಿಗಿ ಹಿಡಿಯಿತು. ಒಂದು ಮಗು ನಿಜ ಹೇಳಲು ಬಾಯಿ ತೆರೆಯಿತು. ಅದರ ಅಜ್ಜಿ ತೆರೆದ ಬಾಯಿಗೆ ಒಬ್ಬಟ್ಟಿನ ಚೂರು ತುರುಕಿದಳು. ಆಮೇಲೆ ಭಾಗ್ಯಮ್ಮನೇ ಮೊದಲು ತನ್ನ ಡಿಶ್ಶಿಗೆ ತಾನೇ ಕೈ ಮುಗಿದಳು. ಉಳಿದವರು ಅವಳ ಹಿಂದೆ ಮುಗಿದರು. ಎಂಬತ್ತು ದಾಟಿದ ಜೀವವನ್ನು ಹಬ್ಬದ ದಿನ ನೋಯಿಸುವುದು ಯಾರಿಗೂ ಬೇಕಿರಲಿಲ್ಲ.

ಅವರಲ್ಲಿ ಸರ್ವಮಂಗಳಳೂ ಒಬ್ಬಳು. ಪುಟ್ಟಮಲ್ಲಪ್ಪನವರ ತಮ್ಮ ಶಿವಶಂಕರರ ಹೆಂಡತಿ, ಕೆ.ಆರ್. ನಗರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಬೀಳ್ಕೊಡುಗೆಗೆ ಏನು ಬೇಕೆಂದು ಸಹೋದ್ಯೋಗಿಗಳು ಕೇಳಿದಾಗ, ಗೋಡೆ ಗಡಿಯಾರವೂ ಬೇಡ, ಬೆಳ್ಳಿ ದೀಪವೂ ಬೇಡ, ಒಂದು ದೂರದರ್ಶಕ ಕೊಡಿಸಿ ಎಂದಿದ್ದಳು. ಇಷ್ಟು ವರ್ಷ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದ್ದಾಯಿತು, ಇನ್ನು ಮೇಲಕ್ಕೆ ನೋಡೋಣ ಎಂಬ ಆಸೆ. ಅವರು ಕೊಡಿಸಿದ್ದು ಸಣ್ಣದು, ಮೂರು ಕಾಲಿನ ಮೇಲೆ ನಿಲ್ಲುವ ಬಿಳಿಯ ಕೊಳವೆ. ಹಿಂತುದಿಯಲ್ಲಿ ಮೊಣಕೈಯಂತೆ ಬಾಗಿದ ಒಂದು ತುಂಡು, ಅದರೊಳಗೆ ಕನ್ನಡಿ. ಕತ್ತು ಮೇಲೆತ್ತದೆ, ತಲೆ ಬಗ್ಗಿಸಿಯೇ ಆಕಾಶ ನೋಡಬಹುದು. "ಕತ್ತು ನೋಯದ ಹಾಗೆ ಮಾಡಿದಾರಲ್ಲ, ಪುಣ್ಯಾತ್ಮರು" ಎಂದು ಶಿವಶಂಕರ್ ಆ ಮೊಣಕೈಯನ್ನು ಮಾತ್ರ ಮನಸಾರೆ ಮೆಚ್ಚಿದ್ದರು.

ಈ ವರ್ಷ ಶಿವರಾತ್ರಿ ಕಳೆದ ಮರುದಿನ ಪುಟ್ಟಮಲ್ಲಪ್ಪನವರು ತಮ್ಮನ ಮನೆಗೆ ಬಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು, ಗೋಡೆಯ ಕಡೆ ನೋಡುತ್ತಾ ಅಂದರು: "ಈ ಸಲ ಕೋಡು ಯೋಳದು ನಾನಲ್ಲ ಕಣವ್ವ. ಆ ಗೊಬ್ಬರದಂಗ್ಡಿ ಮಾದೇವಪ್ರಸಾದ ಯೋಳ್ಲಿ. ಓದಿದೋನು, ಕಣ್ಣು ಚೆನ್ನಾಗದೆ."

"ಯಾಕೆ ಬಾವ? ನಿಮ್ಮ ಬಾಯಲ್ಲಿ ಬಂದರೇ ಅಲ್ವಾ ಎಲ್ಲರಿಗೂ ಹಬ್ಬ?"

"ಬುಡವ್ವ. ಸಾಕು."

ಅಷ್ಟೇ. ಎದ್ದು ಹೊರಟರು. ಬಾಗಿಲಲ್ಲಿ ನಿಂತು, "ಬಿಸ್ಲು ಜಾಸ್ತಿ ಆಗದೆ, ಅಲ್ವೇನವ್ವ?" ಎಂದರು. "ಹೌದು ಬಾವ" ಎಂದಳು. ಹೋದ ಯುಗಾದಿಯಿಂದ ಈಚೆಗೆ ಇದೊಂದು ಅಂಟಿಕೊಂಡಿತ್ತು ಅವರಿಗೆ. ಏನು ಹೇಳಿದರೂ ಕೊನೆಗೊಂದು 'ಅಲ್ವೇನವ್ವ', 'ಅಲ್ವೇನ್ಲಾ'. ಎಲ್ಲರೂ 'ಹೌದು ಹೌದು' ಅನ್ನುತ್ತಿದ್ದರು. ಜಗಲಿಯ ಮೇಲೆ ಕೂತರೆ ಭಾಗ್ಯಮ್ಮನ ಮನೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಕಣ್ಣಿನ ಚಿಂತೆ ಇರಬೇಕು ಎಂದುಕೊಂಡಳು ಸರ್ವಮಂಗಳ. ಅವರ ಕಣ್ಣಿನ ನಟ್ಟನಡುವೆ ಮಸಿ ಹಿಡಿದಂತಾಗಿತ್ತು. ಅದಕ್ಕೆ ಆಪರೇಷನ್ ಇಲ್ಲ, ಅಂಚಿನಲ್ಲಿ ಮಾತ್ರ ಕಾಣುತ್ತದೆ ಎಂದಿದ್ದರು ಮೈಸೂರಿನ ಡಾಕ್ಟರು. ದೂರದರ್ಶಕದ ಸಣ್ಣ ಗಾಜಿಗೆ ಕಣ್ಣಿಟ್ಟರೆ ಬರೀ ಕತ್ತಲೆ. ಆದರೆ ದೊಡ್ಡ ಟೀವಿಯ ಮುಂದೆ ಕೂತು, ಕಾಳು ಕಂಡ ಕೋಳಿಯಂತೆ ಕತ್ತು ಓರೆ ಮಾಡಿದರೆ ವಾರ್ತೆ ಓದುವವಳ ಓಲೆಯ ಹರಳು ಕೂಡ ಕಾಣುತ್ತಿತ್ತು.

ಚಂದ್ರನನ್ನು ಟೀವಿಗೆ ತಂದರೆ?

ಈ ಯೋಚನೆ ಬಂದ ಮೇಲೆ ಸರ್ವಮಂಗಳಳಿಗೆ ಒಲೆಯ ಮೇಲಿನ ಹಾಲಿನ ಮೇಲೂ ಗಮನವಿರಲಿಲ್ಲ. ಯುಗಾದಿಗೆ ಒಂದು ತಿಂಗಳು. ಅಷ್ಟರೊಳಗೆ ದೂರದರ್ಶಕಕ್ಕೊಂದು ಕ್ಯಾಮೆರಾ ಬೇಕು.

"ಕ್ಯಾಮೆರಾ ಯಾಕೆ, ನನ್ನ ಮೊಬೈಲಿಲ್ವಾ?" ಅಂದರು ಶಿವಶಂಕರ್. ಅಕ್ಕಿ ಮಂಡಿ ನಡೆಸಿದವರು. ಇರುವುದರಲ್ಲೇ ಕೆಲಸ ಸಾಗಿಸುವುದು ರಕ್ತದಲ್ಲಿತ್ತು.

ಶಿವರಾತ್ರಿಯ ನಂತರದ ಬಿದಿಗೆಯ ಸಂಜೆಯೇ ಪರೀಕ್ಷೆಯಾಯಿತು. ಮೊಬೈಲನ್ನು ಕಚ್ಚಿ ಹಿಡಿಯುವ ಒಂದು ಇಕ್ಕಳ ತರಿಸಿ, ಮಹಡಿಯ ಮೇಲೆ ದೂರದರ್ಶಕಕ್ಕೆ ಸಿಕ್ಕಿಸಿದರು. ಮೊಬೈಲಿನಲ್ಲಿ ಕಂಡದ್ದು ಕೆಳಗೆ ಟೀವಿಯಲ್ಲೂ ಬರುವ ಹಾಗೆ ಮಾಡಿಕೊಂಡರು. ಭಾಗ್ಯಮ್ಮ, ಮಹದೇವಪ್ರಸಾದ, ಅಕ್ಕಪಕ್ಕದ ನಾಲ್ಕು ಜನ ನೋಡಲು ಬಂದು ಕೂತರು. ಚಂದ್ರ ಬಂದ. ಚೆನ್ನಾಗಿಯೇ ಬಂದ. ಎಲ್ಲರೂ "ಆಹಾ" ಎನ್ನುವಷ್ಟರಲ್ಲಿ ಯಾರೋ ಫೋನ್ ಮಾಡಿದರು. ಮೊಬೈಲು ಗುರ್ ಎಂದು ನಡುಗಿತು, ಚಂದ್ರನೂ ಚಳಿಜ್ವರ ಬಂದವನಂತೆ ನಡುಗಿ ಟೀವಿಯ ಮೂಲೆಗೆ ಹೋಗಿ ಬಿದ್ದ. ಅವನನ್ನು ಎತ್ತಿ ಮತ್ತೆ ನಡುವೆ ಕೂರಿಸುವಷ್ಟರಲ್ಲಿ ಅವನ ಹಣೆಯ ಮೇಲೆ ಒಂದು ಮೆಸೇಜು ಇಳಿಯಿತು:

'ಶಿವಶಂಕ್ರಣ್ಣ, ನೆನ್ನೆ ಹೋಟ್ಲಲ್ಲಿ ಹೊಡೆದ ಎರಡು ಮಸಾಲೆದೋಸೆ ಮನೇಲಿ ಗೊತ್ತಾಗಲಿಲ್ಲ ತಾನೆ?'

ಶಿವಶಂಕರರಿಗೆ ಸಕ್ಕರೆ ಕಾಯಿಲೆ. ಆಲೂಗಡ್ಡೆ ಆ ಮನೆಯ ಹೊಸ್ತಿಲು ದಾಟಿ ವರ್ಷಗಳಾಗಿದ್ದವು.

ಟೀವಿಯ ಮುಂದೆ ಕೂತವರೆಲ್ಲ ಏಕಕಾಲಕ್ಕೆ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಭಾಗ್ಯಮ್ಮ, "ನಂಗೆ ಅಕ್ಷರ ಬರದಿಲ್ಲ ಕಣಕ್ಕ" ಎಂದಳು. ಅವಳು ಏಳನೇ ಕ್ಲಾಸಿನ ತನಕ ಓದಿದವಳು. ಅಷ್ಟು ಒಳ್ಳೆಯ ಸುಳ್ಳನ್ನು ಸರ್ವಮಂಗಳ ಬಹಳ ದಿನದಿಂದ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಶಿವಶಂಕರ್ ತಾವಾಗಿಯೇ ಅಂದರು: "ಲೇ ಸರ್ವ, ಮೊಬೈಲು ಬೇಡ. ಅದಕ್ಕೇ ಅಂತ ಬೇರೆ ಕ್ಯಾಮೆರಾ ತಗೊ. ಒಂದು ಹೊಲಿಗೆ ಮಷೀನಿನ ಬೆಲೆ ದಾಟದ ಹಾಗೆ ನೋಡ್ಕೊ, ಅಷ್ಟೆ."

"ಹೊಲಿಗೆ ಮಷೀನು ಯಾಕೆ ಬಂತು ಇಲ್ಲಿ?"

"ಮನೇಲಿ ಹೆಂಗಸರಿಗೆ ಅಂತ ತರೋದರಲ್ಲಿ ನನಗೆ ಬೆಲೆ ಗೊತ್ತಿರೋದು ಅದೊಂದೇ."

ಸರ್ವಮಂಗಳ ಸಕ್ಕರೆಯ ಮಾತ್ರೆಯನ್ನೂ ನೀರನ್ನೂ ಅವರ ಮುಂದಿಟ್ಟು, "ಆಯ್ತು. ದೋಸೆ ವಿಷಯ ಯುಗಾದಿ ಕಳೆದ ಮೇಲೆ ಮಾತಾಡೋಣ" ಎಂದಳು.

ಕೆ.ಆರ್. ನಗರದಲ್ಲಿ ಸ್ಟುಡಿಯೋ ಇಟ್ಟ ವೆಂಕಟೇಶ್ ಅವಳ ಹಳೆಯ ವಿದ್ಯಾರ್ಥಿ. ಸುತ್ತಲಿನ ಮದುವೆಗಳೆಲ್ಲ ಅವನ ಕಣ್ಣಿನ ಮೂಲಕವೇ ಹಾದುಹೋಗಬೇಕು. ವಿಷಯ ತಿಳಿದು, ತನ್ನ ಹಳೆಯ ದೊಡ್ಡ ಕ್ಯಾಮೆರಾವನ್ನು ಬೈಕಿನಲ್ಲಿ ಹೊತ್ತು ತಂದ. ಮಾರುವ ಯೋಚನೆಯೂ ಇತ್ತು ಅವನಿಗೆ. ಅದನ್ನು ದೂರದರ್ಶಕದ ಹಿಂದಕ್ಕೆ ತಿರುಪಿ ಕೈ ಬಿಟ್ಟ ಕೂಡಲೇ ಹಿಂಭಾಗ ಸೊಂಟ ಮುರಿದಂತೆ ಕುಸಿಯಿತು, ಮೂತಿ ಆಕಾಶಕ್ಕೆ ಎಗರಿತು.

"ತಲೆ ತಗ್ಸಮ್ಮ ಒಸಿ... ಹಾಂ... ನಾಚ್ಕೊಬಾರದು..." ಅಭ್ಯಾಸಬಲದಿಂದ ವೆಂಕಟೇಶ್ ದೂರದರ್ಶಕಕ್ಕೇ ಹೇಳಿದ.

ಮುಂತುದಿಗೆ ಒಂದು ತೆಂಗಿನಕಾಯಿ ಕಟ್ಟಿ ಸಮತೂಕ ಮಾಡಿದರು. ಈಗ ಮೂತಿ ನೆಲ ನೋಡಿತು. ಕಾಯಿಯ ಸಿಪ್ಪೆ ಸುಲಿದರು. ಆಗ ಒಂದು ಕ್ಷಣ ಸರಿಯಾಗಿ ನಿಂತಿತು. ಕ್ಯಾಮೆರಾದ ಗುಂಡಿ ಒತ್ತಿದರೆ ಮತ್ತೆ ತೊಟ್ಟಿಲಾಯಿತು. ವೆಂಕಟೇಶ್ ಕ್ಯಾಮೆರಾ ಬಿಚ್ಚಿ ಚೀಲಕ್ಕಿಟ್ಟ. "ಇದು ಬೇಡ ಮೇಡಂ. ನನ್ನದು ಮಾರಾಟ ಆಗ್ಲಿ ಅಂತ ನಿಮ್ಮ ತಲೆಗೆ ಕಟ್ಟಿದ್ರೆ ನನಗೆ ನಿದ್ದೆ ಬರಲ್ಲ. ಈ ಬಡಕಲು ಕಾಲಿನ ಮೇಲೆ ಹಗುರವಾದ್ದೇ ಕೂರಬೇಕು. ಹಬ್ಬದ ದಿನ ಟೀವಿಗೆ ಉದ್ದನೆಯ ಕೇಬಲ್ ಬೇಕಾಗುತ್ತಲ್ಲ, ಛತ್ರದಲ್ಲಿ ಹಾಕೋದು ನನ್ನ ಹತ್ರ ಇದೆ. ನಾನೇ ತರ್ತೀನಿ" ಎಂದು ಹೇಳಿ, ಸುಲಿದ ತೆಂಗಿನಕಾಯಿಯನ್ನು ಅಡುಗೆಮನೆಯಲ್ಲಿಟ್ಟು ಹೋದ.

ಕೊನೆಗೆ ಸರ್ವಮಂಗಳ ಹುಣಸೂರಿಗೆ ಫೋನ್ ಮಾಡಿದಳು. ಅಲ್ಲಿ ಅವಳ ಗೆಳತಿ ಯಶೋದಮ್ಮ ಇದ್ದಳು. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು. ಜೀವಶಾಸ್ತ್ರವೆಂದರೆ ಬಣ್ಣದ ಪೆನ್ಸಿಲ್ಲಿನ ಕೆಲಸ ಎಂದು ಮೂವತ್ತು ವರ್ಷ ಅಣಕಿಸಿದವಳು.

"ಕಪ್ಪೆ ಕೊಯ್ಯೋರಿಗೆಲ್ಲ ಚಂದ್ರ ಯಾಕೇ ಬೇಕು?" ಎಂದು ಶುರು ಮಾಡಿದಳು.

"ನನ್ನ ಬಾವನಿಗೆ ಬೇಕು. ಬೇಗ ಹೇಳು."

ಬಾವನ ಮಾತು ಬಂದ ಮೇಲೆ ಯಶೋದಮ್ಮ ಮೆತ್ತಗಾದಳು. "ನೋಡು, ಇದಕ್ಕೇ ಅಂತ ಸಣ್ಣ ಕ್ಯಾಮೆರಾ ಬರುತ್ತೆ. ಲೆನ್ಸಿಲ್ಲ, ಬ್ಯಾಟರಿ ಇಲ್ಲ. ಏಲಕ್ಕಿ ಡಬ್ಬಿಯಷ್ಟು ಗಾತ್ರ. ಕಣ್ಣಿಡೋ ಗಾಜು ತೆಗೆದು ಆ ಜಾಗದಲ್ಲಿ ಸಿಕ್ಕಿಸೋದು, ವೈರನ್ನ ಲ್ಯಾಪ್‌ಟಾಪಿಗೆ ಕೊಡೋದು. ದೂರದರ್ಶಕವೇ ಅದರ ಲೆನ್ಸು. ಮೊದಮೊದಲು ಕಲಿಯೋರು ಚಂದ್ರ, ಗುರು, ಶನಿ ನೋಡೋಕೆ ಅದು ಸಾಕು. ಆದರೆ ಅಗ್ಗದ್ದರಲ್ಲಿ ಒಂದು ತೊಂದರೆ. ಒಳಗಿರೋ ಚಿತ್ರ ಹಿಡಿಯೋ ಚಿಪ್ಪು ಅವರೆಬೇಳೆಯಷ್ಟಿರುತ್ತೆ. ಚಂದ್ರ ಪೂರ್ತಿ ಹಿಡಿಯುತ್ತಾ ಅಂತ ನೋಡ್ಕೊ."

ಸರ್ವಮಂಗಳ ಒಂದು ಹಳೆಯ ಮದುವೆ ಕಾಗದದಲ್ಲಿ ಆ ಚಿಪ್ಪಿನ ಲೆಕ್ಕಕ್ಕೆ ಸರಿಯಾಗಿ ಸಣ್ಣ ಕಿಟಕಿ ಕತ್ತರಿಸಿ, ಕ್ಯಾಲೆಂಡರಿನಲ್ಲಿದ್ದ ಶಿವನ ಮುಡಿಯ ಚಂದ್ರನ ಮೇಲಿಟ್ಟು ನೋಡಿದಳು. ಒಂದು ಕೋಡು ಒಳಗೆ ಬಂದರೆ ಇನ್ನೊಂದು ಹೊರಗೆ. ಆ ಕೋಡನ್ನು ತಂದರೆ ಈ ಕೋಡು ಮಾಯ. ಕೋಡಿನ ಎತ್ತರ ನೋಡಲು ಒಂದೇ ಕೋಡು ತೋರಿಸುವ ಕ್ಯಾಮೆರಾ! ಎರಡೂ ಹಿಡಿಯುವ ದೊಡ್ಡ ಚಿಪ್ಪಿನ ಕ್ಯಾಮೆರಾಕ್ಕೆ ಹೊಲಿಗೆ ಮಷೀನಲ್ಲ, ಹೊಲಿಗೆ ಅಂಗಡಿಯನ್ನೇ ಮಾರಬೇಕಿತ್ತು.

ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದಳು. ಎತ್ತಿಕೊಂಡ ಹುಡುಗ ಉತ್ಸಾಹಿ. "ಹೇಳಿ ಮೇಡಂ, ಏನು ಶೂಟ್ ಮಾಡ್ತೀರಿ? ಗ್ರಹಾನಾ, ಗ್ಯಾಲಕ್ಸಿನಾ?"

"ಎರಡು ಕೋಡು."

"ಮೇಡಂ... ಹಸುಗೆ ಟೆಲಿಸ್ಕೋಪ್ ಯಾಕೆ?"

ಸರ್ವಮಂಗಳ ನಕ್ಕು, ಬಾವನ ಕಣ್ಣಿನಿಂದ ಹಿಡಿದು ಕ್ಯಾಲೆಂಡರಿನ ತನಕ ಎಲ್ಲವನ್ನೂ ಹೇಳಿದಳು. ಹುಡುಗ ತಾಳ್ಮೆಯಿಂದ ಕೇಳಿದ. ಸಣ್ಣ ಕಲರ್ ಕ್ಯಾಮೆರಾವೇ ಸಾಕು, ಅದರ ಮುಂದೆ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸುವ ಉಂಗುರದಂಥ ಒಂದು ಮಸೂರ ತಿರುಪಿದರೆ ಎರಡೂ ಕೋಡು ಆರಾಮಾಗಿ ಕೂರುತ್ತವೆ ಎಂದ. "ಉಂಗುರ ಸ್ಟಾಕಿಲ್ಲ ಮೇಡಂ. ನನ್ನ ಸ್ವಂತದ್ದೊಂದು ಇದೆ, ಅದನ್ನೇ ಹಾಕಿ ಕಳಿಸ್ತೀನಿ. ದೊಡ್ಡಪ್ಪೋರು ಏನಂದ್ರು ಅಂತ ನನಗೊಂದು ಮೆಸೇಜ್ ಹಾಕಿ, ಸಾಕು."

ಪೊಟ್ಟಣ ಬಂದದ್ದು ಯುಗಾದಿಯ ಹಿಂದಿನ ದಿನ. ಆ ದಿನ ಅಮಾವಾಸ್ಯೆ, ನೋಡಲು ಚಂದ್ರನಿಲ್ಲ. ಹಗಲಿನಲ್ಲೇ ಪರೀಕ್ಷೆ ಮಾಡಬೇಕಾಯಿತು. ಜೀವಶಾಸ್ತ್ರದವಳು ದೂರದರ್ಶಕವನ್ನು ಏನಕ್ಕೆ ತಿರುಗಿಸಿಯಾಳು? ಎದುರು ತೋಟದ ತೆಂಗಿನ ಗೊನೆಗೆ. ಟೀವಿಯಲ್ಲಿ ಗೊನೆ ಎಷ್ಟು ಸ್ಪಷ್ಟವಾಗಿ ಬಂದಿತೆಂದರೆ, ಕಾಯಿಯ ತೊಟ್ಟಿನ ಹತ್ತಿರ ಇರುವೆ ಹರಿಯುವುದು ಕಂಡಿತು. ಪಕ್ಕದಲ್ಲೇ ಮಹದೇವಪ್ರಸಾದನ ಗೊಬ್ಬರದಂಗಡಿಯ ದೊಡ್ಡ ಬೋರ್ಡಿತ್ತು. ಅದರ ಕಡೆ ತಿರುಗಿಸಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ತೆಂಗಿನ ಗೊನೆಗೆ ಎಡ ಬಲ ಎಂಬುದಿಲ್ಲ.

ಇನ್ನು ಉಳಿದದ್ದು ಬಾವನನ್ನು ಒಪ್ಪಿಸುವುದು. ಆ ಕೆಲಸವನ್ನು ಮಹದೇವಪ್ರಸಾದನೇ ಮಾಡಿದ. ತಾನು ಕೋಡು ಸಾರಬೇಕಂತೆ ಎಂದು ತಿಳಿದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ದೊಡ್ಡಪ್ಪ, ನಾನು ಬಿತ್ತನೆ ಬೀಜ ಮಾರೋನು. ನಾನು ರಾಗಿ ಅಂದ್ರೆ, ರಾಗಿ ಬೀಜ ಮಾರಕ್ಕೆ ಅಂದ ಅಂತಾರೆ. ಭತ್ತ ಅಂದ್ರೆ, ಭತ್ತದ ಬೀಜ ಮಾರಕ್ಕೆ ಅಂತಾರೆ. ಮಳೆ ಕೈಕೊಟ್ರೆ ಅಂಗ್ಡಿಗೇ ಬಂದು ನನ್ನ ಕೊರಳ್ ಪಟ್ಟಿ ಹಿಡ್ಕತಾರೆ. ನೀವೇ ಯೋಳ್ರಿ, ನಿಮ್ಮ ದಮ್ಮಯ್ಯ."

"ನಂಗೆ ಕಾಣದಿಲ್ಲ ಕಣ್ಲಾ."

"ಮೇಡಂನೋರು ಟೀವೀಲಿ ತೋರಿಸ್ತಾರೆ. ನಿಮ್ಮ ಕೈಯಗಲ ಅಲ್ಲ, ಮೊರದಗಲ ಇರ್ತದೆ ಚಂದ್ರ."

ಪುಟ್ಟಮಲ್ಲಪ್ಪನವರು ಬಹಳ ಹೊತ್ತು ಊರುಗೋಲಿನ ತುದಿ ತಿರುಗಿಸಿದರು. "ನಿಜ್ವಾದ್ ಚಂದ್ರ ತಾನೆ?" ಎಂದು ಕೇಳಿದರು.

"ನಿಜವಾದ ಚಂದ್ರನೇ ಬಾವ" ಎಂದಳು ಸರ್ವಮಂಗಳ.

ಬಿದಿಗೆಯ ಸಂಜೆ ಯಶೋದಮ್ಮ ಹುಣಸೂರಿನಿಂದ ಬಸ್ಸಿನಲ್ಲಿ ಬಂದಿಳಿದಳು. ವೆಂಕಟೇಶ್ ಮಾತಿಗೆ ತಪ್ಪದೆ ಕೇಬಲ್ ತಂದು ಮಹಡಿಯಿಂದ ಜಗಲಿಗೆ ಇಳಿಬಿಟ್ಟ. ಟೀವಿಯನ್ನು ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿ, ಯಾರೋ ಅದಕ್ಕೊಂದು ಮಾವಿನೆಲೆಯ ತೋರಣವನ್ನೂ ಕಟ್ಟಿದರು. ಯಶೋದಮ್ಮನ ಜೊತೆ ಮಹಡಿ ಹತ್ತಿದ ಸರ್ವಮಂಗಳ ಎದುರು ಮನೆಯ ಕಡೆ ನೋಡಿ ತಟ್ಟನೆ ನಿಂತಳು. ಭಾಗ್ಯಮ್ಮ ತನ್ನ ಡಿಶ್ಶಿಗೆ ಒಂದು ಹಳೆಯ ಕಂದು ಸೀರೆ ಸುತ್ತಿದ್ದಳು, ಎಲ್ಲೂ ಒಂದು ಎಳೆ ಹೊಳೆಯದ ಹಾಗೆ. ಹಬ್ಬದ ಸಂಜೆಯ ವಿಶೇಷ ಧಾರಾವಾಹಿಯನ್ನು ಅವಳು ಈ ಸೀರೆಗೆ ಬಲಿ ಕೊಟ್ಟಿದ್ದಳು.

ಈ ಸಲ ಚಂದ್ರ ತೀರಾ ತಗ್ಗಿನಲ್ಲಿದ್ದ, ಕೆಳಗೆ ಬೀದಿಯಿಂದ ಕಾಣುವಂತಿರಲಿಲ್ಲ. ತೆಂಗಿನ ತಲೆಗಳೂ ಭಾಗ್ಯಮ್ಮನ ಮಹಡಿಯೂ ಅಡ್ಡವಿದ್ದವು. ಮಹಡಿಯ ಮೇಲೆ ಮಾತ್ರ, ಕೆಂಪಾರುತ್ತಿದ್ದ ಬಾನಿನಲ್ಲಿ, ಉಗುರಿನ ಅಂಚಿನಂಥ ಗೆರೆ. ಅದು ಕಣ್ಣಿಗೆ ಸಿಕ್ಕ ಕೂಡಲೇ ಸರ್ವಮಂಗಳ ಕೊಳವೆಯನ್ನು ತಿರುಗಿಸಿ, ಲ್ಯಾಪ್‌ಟಾಪಿನ ಮೇಲೆಯೇ ಕಣ್ಣಿಟ್ಟು, ತಿರುಪು ಸರಿಮಾಡುತ್ತಾ ಹೋದಳು. ಮಂಜು ಮಂಜಾಗಿದ್ದದ್ದು ಹರಿತವಾಯಿತು. ಎರಡೂ ಕೋಡು, ತುದಿಯಿಂದ ತುದಿಗೆ.

ಕೆಳಗಿನಿಂದ ಒಂದು 'ಹೋ' ಎದ್ದಿತು. ಪುಟ್ಟಮಲ್ಲಪ್ಪನವರು ಕತ್ತನ್ನು ಈ ಕಡೆ ಓರೆ ಮಾಡಿದರಂತೆ, ಆ ಕಡೆ ಓರೆ ಮಾಡಿದರಂತೆ. ಕಣ್ಣು ಒರೆಸಿಕೊಂಡರಂತೆ. ಇದನ್ನೆಲ್ಲ ಆಮೇಲೆ ಭಾಗ್ಯಮ್ಮ ಹೇಳಿದ್ದು. ಸರ್ವಮಂಗಳಳಿಗೆ ಕೇಳಿಸಿದ್ದು ದನಿ ಮಾತ್ರ. ಒಂದು ವರ್ಷದಿಂದ ಕೇಳದಿದ್ದ, ಎದೆಯಿಂದ ಬಂದ ದನಿ.

"ಕಂಡ ಕಣ್ರಲಾ! ಬಡಗ್ಲು ಕೋಡು ಮೇಲು! ರಾಗಿ ವರ್ಸ!"

ಬೀದಿ ಕೇಕೆ ಹಾಕಿತು. ಮಹದೇವಪ್ರಸಾದ ಟೀವಿಯ ಫೋಟೋ ತೆಗೆದು ತನ್ನ ಗಿರಾಕಿಗಳಿಗೆಲ್ಲ ಕಳಿಸಿದ. ಸಾಲಿಗ್ರಾಮ, ಪಿರಿಯಾಪಟ್ಟಣ, ಅತ್ತ ಅಂತರಸಂತೆಯ ತನಕ.

ಸರ್ವಮಂಗಳ ಆಗ ಮೊದಲ ಸಲ ಲ್ಯಾಪ್‌ಟಾಪು ಬಿಟ್ಟು ನೆಮ್ಮದಿಯಿಂದ ಬಾನಿನ ಕಡೆ ನೋಡಿದಳು. ನೋಡಿದವಳು ಹಾಗೇ ನಿಂತಳು.

"ಯಶೋದಾ, ನಿನ್ನ ಎಡಗೈ ಯಾವುದು?"

"ಯಾಕೇ, ಮರೆತುಹೋಯ್ತಾ?"

"ಎತ್ತು ಅಂದ್ರೆ ಎತ್ತು."

ಯಶೋದಮ್ಮ ಪಡುವಣಕ್ಕೆ ಮುಖ ಮಾಡಿ ಎಡಗೈ ಎತ್ತಿದಳು. ಎಡಗೈ ತೆಂಕಲಿಗೆ. ಬಾನಿನಲ್ಲಿ ಎತ್ತರವಿದ್ದದ್ದು ಆ ಕಡೆಯ ಕೋಡು. ತೆಂಕಲ ಕೋಡು. ಲ್ಯಾಪ್‌ಟಾಪಿನಲ್ಲಿ ಎತ್ತರವಿದ್ದದ್ದು ಬಲಗಡೆಯದು.

ಇಬ್ಬರೂ ಒಟ್ಟಿಗೆ ಆ ಮೊಣಕೈಯಂಥ ತುಂಡಿನ ಕಡೆ ತಿರುಗಿದರು.

"ಕನ್ನಡಿ" ಎಂದಳು ಸರ್ವಮಂಗಳ. "ಮೇಲು ಕೆಳಗು ಸರಿ ಮಾಡಿ, ಎಡ ಬಲ ಅದಲುಬದಲು ಮಾಡಿದೆ. ಅಯ್ಯೋ, ಸೂಕ್ಷ್ಮದರ್ಶಕದಲ್ಲಿ ಸ್ಲೈಡು ಬಲಕ್ಕೆ ತಳ್ಳಿದರೆ ಎಡಕ್ಕೆ ಹೋಗುತ್ತೆ ಅಂತ ಎಷ್ಟು ಮಕ್ಕಳಿಗೆ ಹೇಳಿದೀನೇ ನಾನು!"

"ಕನ್ನಡಿಯ ಪಾಠ ಮಾಡಿದೋಳು ನಾನು ಕಣೇ" ಎಂದಳು ಯಶೋದಮ್ಮ, ತೀರಾ ಸಣ್ಣ ದನಿಯಲ್ಲಿ. "ಇಬ್ಬರ ಪೆನ್ಷನ್ನೂ ನಿಲ್ಲಿಸಬೇಕು. ಪರೀಕ್ಷೆ ಯಾವುದರ ಮೇಲೆ ಮಾಡಿದೆ?"

"ತೆಂಗಿನ ಗೊನೆ."

"ಬಣ್ಣದ ಪೆನ್ಸಿಲ್!"

ಕೆಳಗೆ ಪುಟ್ಟಮಲ್ಲಪ್ಪನವರು ನಗುತ್ತಿದ್ದರು. ಯಶೋದಮ್ಮ ಬಗ್ಗಿ ನೋಡಿ ಪಿಸುಗುಟ್ಟಿದಳು. "ಸುಮ್ಮನಿದ್ದುಬಿಡೇ. ಬೀದಿಗೆ ಚಂದ್ರ ಕಾಣ್ತಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಮುಳುಗ್ತಾನೆ. ಯಾರಿಗೆ ಏನು ನಷ್ಟ? ಹೋದ ವರ್ಷ ಡಿಶ್ಶಿಗೇ ಕೈ ಮುಗಿದಿದ್ದೀರಿ ಅಂತೀಯ."

ಸರ್ವಮಂಗಳ ತಾನೂ ಕೆಳಗೆ ಬಗ್ಗಿ ನೋಡಿದಳು. ಅದೇ ಹೊತ್ತಿಗೆ ಕೆಳಗಿನಿಂದ ಬಾವನ ಮಾತು ಕೇಳಿಸಿತು: "ಬಡಗ್ಲು ಕೋಡು ಚೆನ್ನಾಗೇ ಎತ್ರ ಇತ್ತು. ಅಲ್ವೇನ್ಲಾ?" ಹತ್ತು ಬಾಯಿ ಒಟ್ಟಿಗೆ, "ಹೌದು ಹೌದು" ಎಂದವು. ಆ 'ಹೌದು' ಈ ಸಲ ಸುಳ್ಳಲ್ಲ. ಟೀವಿಯಲ್ಲಿ ಕಂಡದ್ದೇ ಅದು. ಆದರೂ ಬಾವನ ದನಿಯಲ್ಲಿ ಏನೋ ಇನ್ನೂ ಕಾಯುತ್ತಿತ್ತು. 'ನಿಜವಾದ ಚಂದ್ರ ತಾನೆ' ಎಂದು ಕೇಳಿದವರಿಗೆ ಅವಳು 'ನಿಜವಾದ ಚಂದ್ರನೇ' ಎಂದು ಮಾತು ಕೊಟ್ಟಿದ್ದಳು.

ಸೆರಗು ಸಿಕ್ಕಿಸಿ ಮೆಟ್ಟಿಲಿಳಿದಳು. ಜಗಲಿಗೆ ಬಂದು, ಟೀವಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದಳು: "ಬಾವ, ಅದು ಉಲ್ಟಾ. ದೂರದರ್ಶಕದೊಳಗೆ ಕನ್ನಡಿ ಇದೆ, ನಾನು ಗಮನಿಸಲಿಲ್ಲ. ಎತ್ತರ ಇರೋದು ತೆಂಕಲ ಕೋಡು. ತಪ್ಪು ನನ್ನದು."

ಬೀದಿ ಮತ್ತೆ ಉಸಿರು ಬಿಗಿ ಹಿಡಿಯಿತು. ಹೋದ ವರ್ಷದ ಅಜ್ಜಿ ಅಭ್ಯಾಸಬಲದಿಂದ ಒಬ್ಬಟ್ಟು ಹುಡುಕಿದಳು. ಆದರೆ ಸರ್ವಮಂಗಳಳ ಬಾಯಿಗೆ ಒಬ್ಬಟ್ಟು ತುರುಕುವುದು ಹೇಗೆ? ಮಹದೇವಪ್ರಸಾದ ಮೊಬೈಲು ನೋಡಿಕೊಂಡು, "ಅಯ್ಯಯ್ಯೋ, ಅಂತರಸಂತೆಗೂ ಓಗ್ಬುಡ್ತಲ್ಲಾ" ಎಂದ.

ಪುಟ್ಟಮಲ್ಲಪ್ಪನವರು ಅವಳ ಕಡೆಗೆ ಕತ್ತು ಓರೆ ಮಾಡಿ ನೋಡಿದರು. "ಇನ್ನೊಂದ್ ಸಲ ಯೋಳವ್ವ."

"ನೀವು ಹೇಳಿದ್ದು ತಪ್ಪಾಯ್ತು ಬಾವ. ನಾನು ತೋರಿಸಿದ್ದೇ ತಪ್ಪು."

ಅವರು ಊರುಗೋಲನ್ನು ಗೋಡೆಗೆ ಒರಗಿಸಿದರು. ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಕೆಮ್ಮು ಬಂದು, ಶಿವಶಂಕರ್ ಬೆನ್ನು ನೀವುವ ತನಕ ನಕ್ಕರು.

"ಅಬ್ಬ! ಒಬ್ಳಾದ್ರೂ ಯೋಳುದ್ಲಲ್ಲಪ್ಪ ತಪ್ಪು ಅಂತವ! ಲೋ, ಓದ್ ವರ್ಸ ನಾನು ಕೈ ಮುಗ್ದಿದ್ದು ಯಾವುದ್ಕೆ ಅಂತ ನಂಗೆ ಗೊತ್ತಿಲ್ಲ ಅನ್ಕಂಡ್ರೇನ್ರಲಾ? ಮಾರ್ನೇ ದಿನ ನೋಡುದ್ರೆ ಚಂದ್ರ ಅಲ್ಲೇ ಅವ್ನೆ. ಅದರ ಮಾರ್ನೇ ದಿನಾನೂ ಅಲ್ಲೇ ಅವ್ನೆ. ಬೆಳೀನೂ ಇಲ್ಲ, ಮುಳುಗ್ನೂ ಇಲ್ಲ. ಮೂರ್ನೇ ದಿನ ಬಂದು ಅವನ್ ಮ್ಯಾಲೆ ಕಾಗೆ ಕೂತ್ಕತು! ಚಂದ್ರನ ಮ್ಯಾಲೆ ಕಾಗೆ ಕೂತ್ಕತದೇನ್ರಲಾ?"

ಯಾರಿಗೂ ತಲೆ ಎತ್ತಲಾಗಲಿಲ್ಲ. ಭಾಗ್ಯಮ್ಮ ಕಂಬದ ಹಿಂದೆ ಸರಿದಳು.

"ತಪ್ ಆಗದು ಬುಡು, ವಯಸ್ಸಾದ್ ಮ್ಯಾಲೆ ಆಯ್ತದೆ. ಆದ್ರೆ ಒಂದ್ ವರ್ಸದಿಂದ ಏನ್ ಕೇಳುದ್ರೂ ಹೌದು, ಏನ್ ಕೇಳುದ್ರೂ ಹೌದು. ಮೊಸ್ರು ಉಳಿ ಆಗದಾ ಅಂದ್ರೆ ಹೌದು, ಸೀ ಅದ್ಯಾ ಅಂದ್ರೂ ಹೌದು. ಯಾವುದ್ನ ನಂಬ್ಲಿ ನಾನು? ಅದ್ಕೇ ಬ್ಯಾಡ ಅಂದಿದ್ದು ಕೋಡಿನ್ ಸವಾಸ. ಈಗ ಯೋಳ್ತೀನಿ ತಗಳಿ, ಇನ್ ಮುಂದೆ ಪ್ರತಿ ವರ್ಸ ನಾನೇ ಯೋಳ್ತೀನಿ. ತಪ್ಪಾದ್ರೆ ತಿದ್ದಕ್ಕೆ ಮನೇಲಿ ಮೇಡಮ್ಮು ಅವ್ಳೆ."

ಮಹಡಿಯ ಮೇಲಿದ್ದ ಯಶೋದಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಎಡಬಲ ಬದಲಿಸುವ ಗುರುತನ್ನು ಒತ್ತಿದಳು. ಟೀವಿಯಲ್ಲಿ ಚಂದ್ರ ಒಂದೇ ಏಟಿಗೆ ಮಗ್ಗುಲು ಬದಲಿಸಿದ. ಜನ ಬೆಚ್ಚಿದರು. ಪುಟ್ಟಮಲ್ಲಪ್ಪನವರು ಕತ್ತು ಓರೆ ಮಾಡಿ, ಸಾವಧಾನವಾಗಿ ನೋಡಿ, ಗಂಟಲು ಸರಿ ಮಾಡಿಕೊಂಡರು.

"ಕಂಡ ಕಣ್ರಲಾ. ಕನ್ನಡೀಲಿ ಬಡಗ್ಲು ಮೇಲು, ಬಾನಲ್ಲಿ ತೆಂಕ್ಲು ಮೇಲು. ಭತ್ತಾನೂ ಹಾಕಿ, ರಾಗೀನೂ ಹಾಕಿ. ಯಾವ್ದಾದ್ರೂ ಒಂದು ನಮ್ಮ ಕೈ ಹಿಡೀತದೆ."

ಅಷ್ಟರಲ್ಲಿ ಮಹದೇವಪ್ರಸಾದನ ಫೋನು ಹೊಡೆದುಕೊಂಡಿತು. "ಹೂಂ ಕಣಣ್ಣ, ಮೊದ್ಲು ಕಳ್ಸಿದ್ದು ರಾಗಿ, ಈಗ ಬಂದಿರದು ಭತ್ತ... ಎರಡೂ ಕಣಣ್ಣ... ಬೀಜ ಮಾರಕ್ಕಲ್ಲ ಕಣಣ್ಣ, ನಿಮ್ಮಾಣೆ, ದೊಡ್ಡಪ್ಪನೇ ಯೋಳಿದ್ದು..." ಎನ್ನುತ್ತಾ ಬೀದಿಯ ತುದಿಗೆ ಓಡಿದ.

ಕಿರಿಯರು ಹಿರಿಯರ ಕಾಲಿಗೆ ಬೀಳಲು ಸಾಲು ಕಟ್ಟಿದರು. ಸರ್ವಮಂಗಳ ಬಗ್ಗಿದಾಗ ಪುಟ್ಟಮಲ್ಲಪ್ಪನವರು ಅವಳ ತಲೆಯ ಮೇಲೆ ಕೈಯಿಟ್ಟು, ತೆಗೆಯದೆ ಅಂದರು: "ಚಂದ್ರ ಮುಳುಗುದ್ ಮ್ಯಾಲೆ ಒಂದ್ ಕೆಲ್ಸ ಮಾಡವ್ವ. ನಿನ್ ಮಿಸನ್ನ ಒಸಿ ಈ ಕಡೀಕ್ ತಿರುಗ್ಸು. ಓದ್ ವರ್ಸದ ಚಂದ್ರನ್ನೂ ಒಂದ್ ಸಲ ಸರ್ಯಾಗಿ ನೋಡ್ಬುಡಾನ."

ಭಾಗ್ಯಮ್ಮ ನಾಚಿಕೊಂಡು ಮಹಡಿ ಹತ್ತಿ ಸೀರೆ ಬಿಚ್ಚಿದಳು. ವೆಂಕಟೇಶ್ ಕೇಬಲ್ಲಿನ ಜೊತೆ ತಂದಿದ್ದ ಮದುವೆಮನೆಯ ದೀಪವನ್ನು ಡಿಶ್ಶಿನ ಮೇಲೆ ಬಿಟ್ಟ. ಸರ್ವಮಂಗಳ ಕೊಳವೆ ತಿರುಗಿಸಿದಳು. ಟೀವಿಯ ತುಂಬ ಭಾಗ್ಯಮ್ಮನ ಡಿಶ್ಶು ಎದ್ದು ನಿಂತಿತು, ಅಂಚಿನಲ್ಲಿ ಬಿಲ್ಲಿನಂಥ ಹೊಳಪು.

ಪುಟ್ಟಮಲ್ಲಪ್ಪನವರು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಆಮೇಲೆ ಬೀದಿಯ ಕಡೆಗೆ ತಿರುಗಿದರು.

"ನೋಡ್ರಲಾ, ಎರಡ್ ಕೋಡೂ ಸಮಾನೇ ಅವೆ. ನಾನ್ ಯೋಳಿದ್ದೇನೂ ತಪ್ಪಲ್ಲ."